ಉಪ್ಪು ತಿಂದವರು, ನೀರು ಕುಡಿದವರು

ಬೋರ್‌ವೆಲ್ ನೀರಿನ ಊರಿನಲ್ಲಿ ಸಂಸಾರ ಮಾಡಿದ ಹೆಂಗಸಿಗೆ ನೀರಿನ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೇಳೆ ಬೇಯಲು ಹಿಡಿಯುವ ಹೊತ್ತಿನಿಂದ, ಸೋಪು ನೊರೆ ಬಿಡದ ಬಗೆಯಿಂದ, ತೊಳೆದು ಬೋರಲು ಹಾಕಿದ ಸ್ಟೀಲ್ ತಟ್ಟೆ ಒಣಗಿದ ಮೇಲೆ ಉಳಿಯುವ ಬಿಳಿ ಕಲೆಯಿಂದ ಆಕೆಗೆ ಎಲ್ಲ ತಿಳಿದುಬಿಡುತ್ತದೆ. ಪ್ರಯೋಗಶಾಲೆಯ ವರದಿ ಬರುವುದು ಆಮೇಲೆ.

2008ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲೂ ಹೀಗೇ ಆಯಿತು. ಅಲ್ಲಿಯ ಮೊನಾಂಗಹೀಲ ಎಂಬ ನದಿಯ ನೀರು ಕುಡಿಯುವ ಊರುಗಳಲ್ಲಿ ಪಾತ್ರೆ ತೊಳೆಯುವ ಯಂತ್ರಗಳು ಕೆಡತೊಡಗಿದವು. ತಟ್ಟೆಗಳ ಮೇಲೆ ಸುಲಭವಾಗಿ ಹೋಗದ ಕಲೆಗಳು ನಿಂತವು. ಅದೇ ನದಿಯ ನೀರನ್ನು ಬಳಸುವ ಉಕ್ಕಿನ ಕಾರ್ಖಾನೆಯವರೂ ವಿದ್ಯುತ್ ಸ್ಥಾವರದವರೂ ತಮ್ಮ ಯಂತ್ರಗಳನ್ನು ನೀರು ತಿಂದುಹಾಕುತ್ತಿದೆ ಎಂದು ದೂರಿದರು. ಅಕ್ಟೋಬರ್ ತಿಂಗಳಲ್ಲಿ ರಾಜ್ಯದ ಪರಿಸರ ಇಲಾಖೆ ಪರೀಕ್ಷೆ ಮಾಡಿಸಿ, ಕುಡಿಯಲು ಬಾಟಲಿ ನೀರು ಬಳಸುವುದು ಒಳ್ಳೆಯದು ಎಂದು ಜನರಿಗೆ ಸೂಚಿಸಿತು. ನೀರಿನಲ್ಲಿ ಕರಗಿದ ಲವಣಗಳು ಲೀಟರಿಗೆ 500 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿದ್ದವು. ನಮ್ಮ ಭಾರತೀಯ ಮಾನಕದಲ್ಲೂ ಕುಡಿಯುವ ನೀರಿಗೆ ಒಪ್ಪತಕ್ಕ ಮಿತಿ ಇದೇ 500.

ಆ ಉಪ್ಪು ಎಲ್ಲಿಂದ ಬಂತು? ಆ ವರ್ಷ ಮಳೆ ಕಡಿಮೆಯಾಗಿ ನದಿ ಸೊರಗಿತ್ತು. ಹಳೆಯ ಕಲ್ಲಿದ್ದಲು ಗಣಿಗಳಿಂದ ಒಸರುವ ನೀರೂ ಅದಕ್ಕೆ ಸೇರುತ್ತಿತ್ತು. ಇವೆರಡರ ಜೊತೆಗೆ ಮೂರನೆಯದೊಂದು ಹೊಸದಾಗಿ ಬಂದಿತ್ತು. ಅದು ನೈಸರ್ಗಿಕ ಅನಿಲಕ್ಕಾಗಿ ಕೊರೆದ ಬಾವಿಗಳಿಂದ ಮೇಲೆ ಬಂದ ಉಪ್ಪುನೀರು. ಅದನ್ನು ಟ್ಯಾಂಕರುಗಳಲ್ಲಿ ತಂದು ಪಟ್ಟಣಗಳ ಚರಂಡಿ ನೀರು ಶುದ್ಧೀಕರಿಸುವ ಘಟಕಗಳಿಗೆ ಸುರಿಯುತ್ತಿದ್ದರು. ಘಟಕಗಳು ಅದಕ್ಕೆ ಹಣ ಪಡೆಯುತ್ತಿದ್ದವು. ನೀರು ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ನದಿಗೆ ಬೀಳುತ್ತಿತ್ತು.

ಇದೆಲ್ಲ ನನಗೆ ಗೊತ್ತಾದದ್ದು ಮಗಳ ಬಾಣಂತನಕ್ಕೆಂದು ನಾಲ್ಕು ತಿಂಗಳು ಪಿಟ್ಸ್‌ಬರ್ಗಿನಲ್ಲಿದ್ದಾಗ. ಅಲ್ಲೀಗೆನಿ ಮತ್ತು ಮೊನಾಂಗಹೀಲ ನದಿಗಳು ಕೂಡಿ ಓಹಯೊ ನದಿಯಾಗುವ ಊರದು. ಕೂಡಲಿಯಲ್ಲಿ ತುಂಗೆ ಭದ್ರೆಯರು ಸೇರುವುದನ್ನು ನೋಡಿದ ಕಣ್ಣಿಗೆ ಆ ಸಂಗಮ ಬಹಳ ಆಪ್ಯಾಯಮಾನವಾಗಿ ಕಂಡಿತು. ಮಗಳ ಮನೆ ನಗರದ ದಕ್ಷಿಣ ಭಾಗದಲ್ಲಿ. ಪಕ್ಕದ ಮನೆಯ ಅಜ್ಜಿ ಶಾಲೆಯೊಂದರ ಗ್ರಂಥಪಾಲಕಿಯಾಗಿ ನಿವೃತ್ತರಾದವರು. ನಾನೂ ಶಾಲೆಯವಳೆಂದು ತಿಳಿದ ಮೇಲೆ ನನ್ನ ನಿಧಾನದ ಇಂಗ್ಲಿಷನ್ನು ತಾಳ್ಮೆಯಿಂದ ಕೇಳಿಸಿಕೊಂಡು, ಆ ವರ್ಷದ ತಟ್ಟೆಗಳ ಕಥೆಯನ್ನು ಹೇಳಿದವರು ಅವರೇ. ಅಳಿಯ ಒಂದು ಭಾನುವಾರ ವಾಷಿಂಗ್ಟನ್ ಕೌಂಟಿಯ ಗುಡ್ಡಗಳ ಕಡೆ ಕರೆದುಕೊಂಡು ಹೋದಾಗ, ಕಿರಿದಾದ ಹಳ್ಳಿರಸ್ತೆಯಲ್ಲಿ ಒಂದರ ಹಿಂದೊಂದು ಟ್ಯಾಂಕರ್ ಲಾರಿಗಳು ಎದುರಾದವು. ಮೈಮೇಲೆ "ರೆಸಿಡ್ಯುಯಲ್ ವೇಸ್ಟ್" ಎಂದು ಬರೆದಿತ್ತು, ಅಂದರೆ ಉಳಿಕೆ ತ್ಯಾಜ್ಯ. ಬೇಸಿಗೆಯಲ್ಲಿ ನಮ್ಮ ಬೀದಿಗೆ ನೀರಿನ ಟ್ಯಾಂಕರ್ ಬಂದರೆ ಕೊಡ ಹಿಡಿದು ಓಡುತ್ತೇವೆ. ಅಲ್ಲಿ ನೀರಿನ ಟ್ಯಾಂಕರ್ ಕಂಡರೆ ಜನ ದೂರ ಸರಿಯುತ್ತಿದ್ದರು. ಈ ನೀರಿನ ಚರಿತ್ರೆಯೇನೆಂದು ಹುಡುಕಿ ಓದಬೇಕೆನ್ನಿಸಿದ್ದು ಆಗಲೇ.

ಸಮಾಜ ವಿಜ್ಞಾನ ಪಾಠ ಮಾಡುವ ನಮಗೆ ಚರಿತ್ರೆಯಲ್ಲಿ ಉಪ್ಪೆಂದರೆ 1930. ದಂಡಿ, ನಮ್ಮ ಅಂಕೋಲ. ಉಪ್ಪು ಸಮುದ್ರದ್ದು ಎಂದೇ ನಾವು ತಿಳಿದಿರುವುದು. ಸಮುದ್ರ ದೂರವಿದ್ದ ದೇಶಗಳವರು ಉಪ್ಪಿಗಾಗಿ ನೆಲವನ್ನೇ ಕೊರೆದರು. ಚೀನಾದ ಸಿಚುವಾನ್ ಪ್ರಾಂತದ ಜಿಗಾಂಗ್ ಎಂಬಲ್ಲಿ ಬಿದಿರು, ಹಗ್ಗ, ಕಬ್ಬಿಣದ ಮೊಳೆ ಇಷ್ಟನ್ನೇ ಇಟ್ಟುಕೊಂಡು 1835ರಲ್ಲಿ ಸಾವಿರ ಮೀಟರಿಗೂ ಆಳದ ಬಾವಿ ತೋಡಿದ್ದರು. ಒಳಗಿನಿಂದ ಉಪ್ಪುನೀರೂ ಬಂತು, ಅನಿಲವೂ ಬಂತು. ಅನಿಲವನ್ನು ಬಿದಿರ ಕೊಳವೆಯಲ್ಲಿ ಹರಿಸಿ ಒಲೆ ಹೊತ್ತಿಸಿದರು. ಆ ಒಲೆಯ ಮೇಲೆ ಉಪ್ಪುನೀರನ್ನು ಕುದಿಸಿ ಉಪ್ಪು ಮಾಡಿದರು. ಎರಡಕ್ಕೂ ಬೆಲೆಯಿದ್ದುದರಿಂದ ಒಂದನ್ನು ಎಸೆಯುವ ಮಾತೇ ಇರಲಿಲ್ಲ.

ಅಮೆರಿಕದಲ್ಲಿ ಈ ಕೆಲಸ ಮೊದಲಾದದ್ದು ಕನಾವಾ ನದಿಯ ದಂಡೆಯಲ್ಲಿ. ಇಂದಿನ ಪಶ್ಚಿಮ ವರ್ಜೀನಿಯ ರಾಜ್ಯವದು. ಡೇವಿಡ್ ಮತ್ತು ಜೋಸೆಫ್ ರಫ್ನರ್ ಎಂಬ ಅಣ್ಣತಮ್ಮಂದಿರು ಟೊಳ್ಳುಮರದ ಬೊಡ್ಡೆಯನ್ನೇ ಬಾವಿಯ ಗೋಡೆಯಾಗಿ ಇಳಿಸಿ, ಬಂಡೆಯನ್ನು ಕೊರೆದು, 1808ರಲ್ಲಿ ಗಟ್ಟಿ ಉಪ್ಪುನೀರನ್ನು ಮುಟ್ಟಿದರು. ಕೆಲವೇ ವರ್ಷಗಳಲ್ಲಿ ಆ ಕಣಿವೆಯ ತುಂಬ ಉಪ್ಪಿನ ಒಲೆಗಳು ಎದ್ದವು. ಒಲೆಗಳಿಗಾಗಿ ಸುತ್ತಲ ಗುಡ್ಡಗಳ ಮರ ಹೋಯಿತು, ಆಮೇಲೆ ಕಲ್ಲಿದ್ದಲು ಬಂತು. 1841ರಲ್ಲಿ ವಿಲಿಯಂ ಟಾಂಪ್ಕಿನ್ಸ್ ಎಂಬಾತ ತನ್ನ ಬಾವಿಯಿಂದ ನುಗ್ಗಿ ಬಂದ ಅನಿಲವನ್ನೇ ಒಲೆಗೆ ತಿರುಗಿಸಿದ. ಉಪ್ಪು ಸಿನ್ಸಿನಾಟಿ ಪಟ್ಟಣದ ಮಾಂಸ ವ್ಯಾಪಾರಿಗಳಿಗೆ ದೋಣಿಗಳಲ್ಲಿ ಹೋಗುತ್ತಿತ್ತು.

ಆ ಒಲೆಗಳ ಮುಂದೆ ಬೆಂದವರು ಬಹುಪಾಲು ಗುಲಾಮರು. ಗುಲಾಮಗಿರಿ ಮುಗಿದ 1865ರಲ್ಲಿ ಅಲ್ಲಿಯ ಮಾಲ್ಡನ್ ಎಂಬ ಊರಿಗೆ ತಾಯಿಯ ಜೊತೆ ಒಬ್ಬ ಹುಡುಗ ಬಂದ. ಇನ್ನೂ ಹತ್ತು ವರ್ಷ ತುಂಬಿರದ ಅವನನ್ನು ಮಲತಂದೆ ಉಪ್ಪಿನ ಒಲೆಯ ಕೆಲಸಕ್ಕೇ ಹಚ್ಚಿದ. ಉಪ್ಪು ತುಂಬುವ ಪ್ರತಿಯೊಬ್ಬ ಕೆಲಸಗಾರನ ಪೀಪಾಯಿಗೂ ಒಂದು ಸಂಖ್ಯೆ. ಮಲತಂದೆಯದು 18. ಆ ಹುಡುಗ ಜೀವನದಲ್ಲಿ ಮೊದಲು ಗುರುತಿಸಲು ಕಲಿತ ಬರಹ ಅದೇ 18. ಅವನೇ ಮುಂದೆ ಕರಿಯರ ಶಿಕ್ಷಣಕ್ಕೆ ಟಸ್ಕೀಗಿ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಬುಕರ್ ಟಿ. ವಾಷಿಂಗ್ಟನ್. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ನನಗೆ ಈ ಸಂಗತಿಯನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕಾಯಿತು.

ಉಪ್ಪಿನ ಬಾವಿ ತೋಡಿದವರಿಗೆ ಆಗಾಗ ಒಂದು ಕಾಟವಿತ್ತು. ನೀರಿನ ಜೊತೆ ಕಪ್ಪನೆಯ, ನಾತದ ಎಣ್ಣೆ ಬಂದು ಉಪ್ಪನ್ನು ಕೆಡಿಸುತ್ತಿತ್ತು. ಪಿಟ್ಸ್‌ಬರ್ಗಿನ ಮೇಲ್ಗಡೆ, ಟ್ಯಾರೆಂಟಮ್ ಎಂಬಲ್ಲಿ ಉಪ್ಪಿನ ಬಾವಿಗಳಿದ್ದ ಸ್ಯಾಮ್ಯುಯೆಲ್ ಕೀಯರ್ ಎಂಬಾತ ಈ ಬೇಡದ ಎಣ್ಣೆಯನ್ನು 1850ರ ಸುಮಾರಿಗೆ ಸೀಸೆಗೆ ತುಂಬಿ ಸರ್ವರೋಗಕ್ಕೂ ಔಷಧಿಯೆಂದು ಮಾರಿದ. ಆ ಔಷಧಿಯ ಚೀಟಿಯ ಮೇಲಿದ್ದ ಉಪ್ಪಿನ ಬಾವಿಯ ಚಿತ್ರ ನೋಡಿಯೇ, ಎಣ್ಣೆಗಾಗಿಯೇ ಬಾವಿ ಕೊರೆದರೇನು ಎಂಬ ಯೋಚನೆ ಒಬ್ಬರಿಗೆ ಬಂತೆಂದು ಹೇಳುತ್ತಾರೆ. 1859ರ ಆಗಸ್ಟ್ 27ರಂದು ಟೈಟಸ್‌ವಿಲ್ ಎಂಬಲ್ಲಿ ಎಡ್ವಿನ್ ಡ್ರೇಕ್ ಸುಮಾರು 70 ಅಡಿಗೆ ಎಣ್ಣೆ ಕಂಡ. ಅವನಿಗೆ ಬಾವಿ ಕೊರೆದುಕೊಟ್ಟವನು ಉಪ್ಪಿನ ಬಾವಿಗಳಲ್ಲಿ ಪಳಗಿದ್ದ ವಿಲಿಯಂ ಸ್ಮಿತ್ ಎಂಬ ಕಮ್ಮಾರ.

ಅಲ್ಲಿಂದ ಲೆಕ್ಕ ತಿರುಗಿತು. ಎಣ್ಣೆ ಬೇಕಾಯಿತು, ಉಪ್ಪುನೀರು ಬೇಡವಾಯಿತು. ಕೊಳವೆಗಳು ಬಂದ ಮೇಲೆ ಅನಿಲವೂ ಬೇಕಾಯಿತು. ಉಪ್ಪುನೀರು ಮಾತ್ರ ಮತ್ತೆಂದೂ ಮರ್ಯಾದೆ ಪಡೆಯಲಿಲ್ಲ. ಹೊಂಡಕ್ಕೆ, ಹಳ್ಳಕ್ಕೆ, ಹೊಳೆಗೆ ಬಿಟ್ಟರು.

ಕಡಿಮೆ ಬಾವಿಗಳಿದ್ದಾಗ ಇದು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ದೊಡ್ಡದಾಗಿ ಕಂಡದ್ದು ಮಾರ್ಸೆಲಸ್ ಕಾಲದಲ್ಲಿ. ಪೆನ್ಸಿಲ್ವೇನಿಯ, ಪಶ್ಚಿಮ ವರ್ಜೀನಿಯಗಳ ನೆಲದಡಿ ಐದಾರು ಸಾವಿರ ಅಡಿಗೂ ಕೆಳಗೆ ಮಾರ್ಸೆಲಸ್ ಎಂಬ ಪದರುಗಲ್ಲಿದೆ. ಸುಮಾರು 39 ಕೋಟಿ ವರ್ಷಗಳ ಹಿಂದೆ ಅಲ್ಲೊಂದು ಸಮುದ್ರವಿತ್ತು. ಅದರ ತಳದ ಕೆಸರು, ಅದರಲ್ಲಿ ಸತ್ತು ಸೇರಿದ ಸೂಕ್ಷ್ಮ ಜೀವಿಗಳು ಒತ್ತಿ ಕಲ್ಲಾಗಿ, ಜೀವಾಂಶವೆಲ್ಲ ಅನಿಲವಾಗಿ ಕಲ್ಲಿನ ಸಂದಿನಲ್ಲೇ ಸಿಕ್ಕಿಕೊಂಡಿತು. ಕಲ್ಲನ್ನು ಒಡೆಯದೆ ಅದು ಹೊರಬಾರದು. ನೀರನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಸೀಳುವ ವಿದ್ಯೆಯನ್ನು 1947ರಲ್ಲಿ ಕಾನ್ಸಸ್ ರಾಜ್ಯದಲ್ಲಿ ಮೊದಲು ಪ್ರಯೋಗ ಮಾಡಿದ್ದರು. ಟೆಕ್ಸಾಸಿನ ಜಾರ್ಜ್ ಮಿಚೆಲ್ ಎಂಬ ಉದ್ಯಮಿಯ ಕಂಪನಿ 1990ರ ದಶಕದ ಕೊನೆಗೆ ಅದನ್ನು ಪದರುಗಲ್ಲಿಗೆ ಅಗ್ಗವಾಗಿ ಒಗ್ಗಿಸಿತು. 2004ರಲ್ಲಿ ಮಾರ್ಸೆಲಸ್ ಕಲ್ಲಿನ ಮೊದಲ ಯಶಸ್ವಿ ಬಾವಿಯನ್ನು ಹೀಗೆ ಒಡೆದದ್ದು ನಾನು ನೋಡಿದ ಆ ವಾಷಿಂಗ್ಟನ್ ಕೌಂಟಿಯಲ್ಲೇ.

ಒಂದು ಬಾವಿಗೆ ಆ ದಿನಗಳಲ್ಲಿ ಒಂದೂವರೆ ಕೋಟಿ ಲೀಟರಿಗೂ ಹೆಚ್ಚು ನೀರು ಬೇಕಾಗುತ್ತಿತ್ತು. ಅಂದರೆ ನಮ್ಮ ಬೀದಿಗೆ ಬರುವ ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಮೂರು ಸಾವಿರ ಟ್ಯಾಂಕರ್, ಒಂದೇ ಬಾವಿಗೆ. ಜೊತೆಗೆ ಮರಳು ಮತ್ತು ಕೆಲವು ರಾಸಾಯನಿಕಗಳು. ಈ ನೀರಿನಲ್ಲಿ ಸ್ವಲ್ಪ ಪಾಲು ಮೊದಲ ವಾರಗಳಲ್ಲಿ ವಾಪಸು ಬರುತ್ತದೆ. ಆಮೇಲೆ ಅನಿಲದ ಜೊತೆ ವರ್ಷಗಟ್ಟಲೆ ಒಸರುತ್ತಲೇ ಇರುತ್ತದೆ. ಹೋದಾಗ ಸಿಹಿನೀರು. ಬರುವಾಗ ಆ ಹಳೆಯ ಸಮುದ್ರದ ಉಪ್ಪನ್ನೆಲ್ಲ ಹೊತ್ತು ಬರುತ್ತದೆ. ಇಂದಿನ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮಾರ್ಸೆಲಸ್ ಬಾವಿಯ ನೀರಿನಲ್ಲಿ ಅದು 200 ಗ್ರಾಂ ಮುಟ್ಟುವುದುಂಟು. ಐದು ಲೀಟರ್ ಕುದಿಸಿ ಇಂಗಿಸಿದರೆ ಅಂಗಡಿಯ ಒಂದು ಕಿಲೋ ಉಪ್ಪಿನ ಪೊಟ್ಟಣದಷ್ಟು. ಬರಿಯ ಅಡಿಗೆ ಉಪ್ಪಲ್ಲ. ಬೇರಿಯಂ, ಸ್ಟ್ರಾನ್ಶಿಯಂ, ಬ್ರೋಮೈಡ್, ವಿಕಿರಣ ಸೂಸುವ ರೇಡಿಯಂ ಕೂಡ ಅದರಲ್ಲಿವೆ.

ಚರಂಡಿ ನೀರಿನ ಘಟಕ ಇದನ್ನು ಶುದ್ಧ ಮಾಡಬಲ್ಲದೆ? ಕೊಳಕನ್ನು ತಿನ್ನುವ ಬ್ಯಾಕ್ಟೀರಿಯಾಗಳನ್ನು ಸಾಕಿ, ಬಗ್ಗಡವನ್ನು ತಿಳಿಗೊಳಿಸುವುದಷ್ಟೇ ಅಂಥ ಘಟಕದ ಕೆಲಸ. ಕರಗಿದ ಉಪ್ಪನ್ನು ಬ್ಯಾಕ್ಟೀರಿಯಾ ತಿನ್ನುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಅದು ನಿಲ್ಲುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ನಾವೇನು ಮಾಡುತ್ತೇವೆ? ಇನ್ನೊಂದಿಷ್ಟು ನೀರು ಹಾಕುತ್ತೇವೆ. ಉಪ್ಪು ಎಲ್ಲೂ ಹೋಗಿರುವುದಿಲ್ಲ, ನೀರು ಹೆಚ್ಚಾಗಿ ನಾಲಗೆಗೆ ತಿಳಿಯುವುದಿಲ್ಲ, ಅಷ್ಟೆ. ಪೆನ್ಸಿಲ್ವೇನಿಯದಲ್ಲಿ ಮಾಡಿದ್ದೂ ಇದನ್ನೇ. ಹಾಕಿದ ನೀರು ಯಾವುದೆಂದರೆ ನದಿ. 2008ರಲ್ಲಿ ನದಿ ಸೊರಗಿದಾಗ ಸಾರಿನ ಉಪ್ಪು ನಾಲಗೆಗೆ ತಿಳಿಯಿತು.

ತಟ್ಟೆಯ ಕಲೆಯಾದರೂ ಕಣ್ಣಿಗೆ ಕಾಣುವಂಥದು. ಕಾಣದ ಅಪಾಯ ಬ್ರೋಮೈಡಿನದು. ತಾನಾಗಿ ಅದು ಅಷ್ಟು ಕೆಟ್ಟದ್ದಲ್ಲ. ಕುಡಿಯುವ ನೀರಿಗೆ ಕ್ಲೋರಿನ್ ಹಾಕಿದಾಗ ಅದರೊಡನೆಯೂ ನೀರಿನಲ್ಲಿರುವ ಎಲೆಗೊಳೆಯ ಅಂಶದೊಡನೆಯೂ ಕೂಡಿ ಟ್ರೈಹ್ಯಾಲೊಮೀಥೇನ್ ಎಂಬ ವಸ್ತುಗಳಾಗುತ್ತದೆ. ವರ್ಷಗಟ್ಟಲೆ ಅಂಥ ನೀರು ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಹೆಚ್ಚೆಂದು ಅಧ್ಯಯನಗಳು ಹೇಳುತ್ತವೆ. ಅಂದರೆ ಕೆಳಗಿನ ಊರಿನವರು ನೀರನ್ನು ಶುದ್ಧ ಮಾಡಲು ಹಾಕಿದ ಔಷಧಿಯೇ ಮೇಲಿನ ಊರಿನ ಉಪ್ಪಿನಿಂದ ವಿಷವಾಗುವ ಸಂದರ್ಭ. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕಿ ಜೀನ್ ವ್ಯಾನ್‌ಬ್ರೀಸನ್ ಮತ್ತು ಅವರ ವಿದ್ಯಾರ್ಥಿಗಳು 2009ರಿಂದ ಮೊನಾಂಗಹೀಲದ ನೀರನ್ನು ತಿಂಗಳು ತಿಂಗಳೂ ತುಂಬಿ ತಂದು ಈ ಬ್ರೋಮೈಡಿನ ಲೆಕ್ಕ ಬರೆದರು. ಗದ್ದಲ ಮಾಡದೆ ವರ್ಷಗಳ ಕಾಲ ಬರೆದಿಟ್ಟ ಇಂಥ ಲೆಕ್ಕವೇ ಕಡೆಗೆ ಕೆಲಸಕ್ಕೆ ಬಂತು.

ಉಪ್ಪುನೀರಿಗೆಂದೇ ಕಟ್ಟಿದ ಖಾಸಗಿ ಘಟಕಗಳೂ ಅಲ್ಲಿದ್ದವು. ಅವರ ಮುಖ್ಯ ವಿದ್ಯೆ ಏನೆಂದು ಓದಿದಾಗ ನನಗೆ ನಗು ಬಂತು. ನಮ್ಮ 10ನೆಯ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಪಾಠದಲ್ಲೇ ಇದೆ. ಬೇರಿಯಂ ಕ್ಲೋರೈಡ್ ದ್ರಾವಣಕ್ಕೆ ಸೋಡಿಯಂ ಸಲ್ಫೇಟ್ ಬೆರೆಸಿದರೆ ಹಾಲಿನಂತೆ ಬೆಳ್ಳಗಾಗಿ, ಬೇರಿಯಂ ಸಲ್ಫೇಟ್ ತಳಕ್ಕೆ ಗಸಿಯಾಗಿ ಇಳಿಯುತ್ತದೆ. ನಮ್ಮ ವಿಜ್ಞಾನದ ಮೇಡಂ ಇದನ್ನು ಮಾಡಿ ತೋರಿಸಿದ ದಿನ ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಾರೆ. ಅದೇ ಸೋಡಿಯಂ ಸಲ್ಫೇಟನ್ನು ಅಲ್ಲಿ ಟನ್ನುಗಟ್ಟಲೆ ಸುರಿಯುತ್ತಾರೆ. ಬೇರಿಯಂ ಇಳಿಯುವಾಗ ಗುಣದಲ್ಲಿ ತನ್ನ ತಂಗಿಯಂತಿರುವ ರೇಡಿಯಮನ್ನೂ ಕೈಹಿಡಿದು ಗಸಿಗೆ ಎಳೆದುಕೊಂಡು ಹೋಗುತ್ತದೆ. ಮೇಲಿನ ತಿಳಿಯನ್ನು ಹೊಳೆಗೆ ಬಿಡುತ್ತಾರೆ. ತಿಳಿಯಲ್ಲಿ ಬೇರಿಯಂ, ರೇಡಿಯಂ ಬಹುಮಟ್ಟಿಗೆ ಇಲ್ಲ. ಬ್ರೋಮೈಡ್, ಕ್ಲೋರೈಡ್ ಹಾಗೇ ಇವೆ.

ಆದರೆ ಬಹುಮಟ್ಟಿಗೆ ಎಂಬ ಮಾತನ್ನು ವರ್ಷಗಳಿಂದ ಗುಣಿಸಿದರೆ ಬೇರೆ ಉತ್ತರ ಬರುತ್ತದೆ. ಡ್ಯೂಕ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಂಥ ಒಂದು ಘಟಕದ ಕೊಳವೆ ಬಾಯಿಯ ಬಳಿ ಬ್ಲ್ಯಾಕ್‌ಲಿಕ್ ಎಂಬ ಹೊಳೆಯ ತಳದ ಮಣ್ಣನ್ನು ತೆಗೆದು ನೋಡಿದರು. ಮೇಲ್ಗಡೆಯ ಮಣ್ಣಿಗಿಂತ ಸುಮಾರು 200 ಪಟ್ಟು ರೇಡಿಯಂ ಅಲ್ಲಿತ್ತು. ಇದು 2013ರಲ್ಲಿ ಪ್ರಕಟವಾಯಿತು. ನೀರಿನಲ್ಲಿ ಅಲ್ಪಸ್ವಲ್ಪ ಉಳಿದದ್ದು ದಿನವೂ ಮಣ್ಣಿಗೆ ಅಂಟುತ್ತ ಅಂಟುತ್ತ ಅಷ್ಟಾಗಿತ್ತು.

ರೇಡಿಯಂ ಎಂದರೆ ನಮಗೆಲ್ಲ ನೆನಪಾಗುವುದು ಮೇಡಂ ಕ್ಯೂರಿ. 1921ರಲ್ಲಿ ಅಮೆರಿಕದ ಹೆಂಗಸರು ಮೇರಿ ಮೆಲೋನಿ ಎಂಬ ಪತ್ರಕರ್ತೆಯ ಮುಂದಾಳುತನದಲ್ಲಿ ಚಂದಾ ಎತ್ತಿ, ಒಂದು ಲಕ್ಷ ಡಾಲರ್ ಕೂಡಿಸಿ, ಒಂದು ಗ್ರಾಂ ರೇಡಿಯಂ ಕೊಂಡು ಅವರಿಗೆ ಕಾಣಿಕೆ ಕೊಟ್ಟರು. ರೇಡಿಯಂ ಕಂಡುಹಿಡಿದಾಕೆಯ ಬಳಿ ಪ್ರಯೋಗಕ್ಕೆ ಸಾಕಷ್ಟು ರೇಡಿಯಂ ಇರಲಿಲ್ಲ, ಕೊಳ್ಳಲು ಹಣವಿರಲಿಲ್ಲ. ಅಧ್ಯಕ್ಷ ಹಾರ್ಡಿಂಗ್ ಮೇ 20ರಂದು ಶ್ವೇತಭವನದಲ್ಲಿ ಅದನ್ನು ಅರ್ಪಿಸಿದರು. ಆ ಒಂದು ಗ್ರಾಂ ತಯಾರಾದದ್ದು ಎಲ್ಲಿ ಬಲ್ಲಿರಾ? ಅದೇ ವಾಷಿಂಗ್ಟನ್ ಕೌಂಟಿಯ ಕ್ಯಾನನ್ಸ್‌ಬರ್ಗ್ ಎಂಬ ಊರಿನ ಕಾರ್ಖಾನೆಯಲ್ಲಿ. ಮೇಡಂ ಕ್ಯೂರಿ ಆ ಊರಿಗೂ ಹೋಗಿ ನೋಡಿ ಬಂದರು. ಕಾರ್ಖಾನೆ ಮುಚ್ಚಿ ಹೋದ ಎಷ್ಟೋ ವರ್ಷಗಳ ಮೇಲೆ, 1980ರ ದಶಕದಲ್ಲಿ, ಸರ್ಕಾರ ಜನರ ತೆರಿಗೆ ಹಣದಿಂದ ಅಲ್ಲಿಯ ವಿಕಿರಣದ ತ್ಯಾಜ್ಯವನ್ನು ಹೂತು ಮಣ್ಣು ಮುಚ್ಚಿ ಬೇಲಿ ಹಾಕಬೇಕಾಯಿತು. ಅಳಿಯ ಕಾರು ನಿಲ್ಲಿಸಿ ತೋರಿಸಿದ. ಹಸುರು ಹುಲ್ಲಿನ ದಿಬ್ಬ, ಸುತ್ತ ತಂತಿ ಬೇಲಿ. ಒಂದು ಕಾಲಕ್ಕೆ ಒಂದು ಗ್ರಾಮಿಗೆ ಲಕ್ಷ ಡಾಲರ್ ಬೆಲೆ ಬಾಳಿದ ವಸ್ತು ಈಗ ಅದೇ ಸೀಮೆಯಲ್ಲಿ ಟ್ಯಾಂಕರಿನ ನೀರಿನಲ್ಲಿ ಯಾರಿಗೂ ಬೇಡವಾಗಿ ತಿರುಗುತ್ತಿತ್ತು.

ಕಾನೂನು ಏನು ಮಾಡುತ್ತಿತ್ತು ಎಂದು ನೀವು ಕೇಳಬಹುದು. ಅಮೆರಿಕದ ಸಂಸತ್ತು 1980ರಲ್ಲೇ ಎಣ್ಣೆ, ಅನಿಲ ಬಾವಿಗಳ ತ್ಯಾಜ್ಯವನ್ನು ಅಪಾಯಕಾರಿ ತ್ಯಾಜ್ಯದ ನಿಯಮಗಳಿಂದ ಹೊರಗಿಟ್ಟಿತ್ತು. 1988ರಲ್ಲಿ ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆಯೂ ಹಾಗೇ ಇರಲಿ ಎಂದಿತು. ಕಾರ್ಖಾನೆಯಿಂದ ಬಂದರೆ ಅಪಾಯಕಾರಿ ಎನ್ನಿಸಿಕೊಳ್ಳಬಹುದಾದ ದ್ರವ, ಅನಿಲದ ಬಾವಿಯಿಂದ ಬಂದರೆ ಬರೀ ಉಳಿಕೆ. ಟ್ಯಾಂಕರಿನ ಮೇಲಿನ ಬರಹ ಸುಮ್ಮನೆ ಬರೆದದ್ದಲ್ಲ.

ಆದರೂ ತಿದ್ದಿಕೊಂಡರು ಎಂಬುದನ್ನು ಹೇಳಲೇಬೇಕು. 2010ರ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯ ಹೊಸ ನಿಯಮ ಮಾಡಿ, ಹೊಸದಾಗಿ ನದಿಗೆ ಬಿಡುವ ಇಂಥ ನೀರಿನಲ್ಲಿ ಲವಣ 500 ಮಿಲಿಗ್ರಾಂ ಮೀರಬಾರದೆಂದಿತು. ಹಳೆಯ ಘಟಕಗಳಿಗೆ ವಿನಾಯಿತಿ ಇತ್ತು. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ನೀರಿನ ವಿಕಿರಣದ ಬಗ್ಗೆ ದೊಡ್ಡದಾಗಿ ಬರೆಯಿತು. ಏಪ್ರಿಲ್ 19ರಂದು ರಾಜ್ಯ ಸರ್ಕಾರ, ವಿನಾಯಿತಿ ಪಡೆದ 15 ಘಟಕಗಳಿಗೂ ಮೇ 19ರ ಒಳಗೆ ನೀರು ಕಳಿಸುವುದನ್ನು ನಿಲ್ಲಿಸಿ ಎಂದು ಕಂಪನಿಗಳನ್ನು ಕೇಳಿತು. ಅದು ಕಾನೂನಿನ ಆಜ್ಞೆಯಲ್ಲ, ಬರಿಯ ಕೋರಿಕೆ. ಆದರೂ ಕಂಪನಿಗಳು ಬಹುಪಾಲು ನಿಲ್ಲಿಸಿದವು. ಮೊನಾಂಗಹೀಲದ ಬ್ರೋಮೈಡ್ ಇಳಿಯಿತು. ಅದೂ ಪ್ರಾಧ್ಯಾಪಕಿಯ ಲೆಕ್ಕದ ಪುಸ್ತಕದಲ್ಲಿ ದಾಖಲಾಯಿತು. 2016ರಲ್ಲಿ ಕೇಂದ್ರ ಸರ್ಕಾರವೇ, ಪದರುಗಲ್ಲಿನ ಅನಿಲ ಬಾವಿಗಳ ನೀರನ್ನು ಊರ ಚರಂಡಿ ಘಟಕಗಳಿಗೆ ಸುರಿಯಬಾರದೆಂದು ನಿಯಮ ಮಾಡಿತು.

ಬಾಗಿಲು ಮುಚ್ಚಿದ ಮೇಲೆ ನೀರು ಬೇರೆ ದಾರಿ ಹುಡುಕಿತು. ಬಹುಪಾಲು ನೀರನ್ನು ಗಸಿ ಇಳಿಸಿ ಮುಂದಿನ ಬಾವಿಯ ಕಲ್ಲೊಡೆಯಲು ಮತ್ತೆ ಬಳಸತೊಡಗಿದರು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ನಾವು ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕುವ ಹಾಗೆ. ಉಳಿದದ್ದು ಗಡಿ ದಾಟಿ ಓಹಯೊ ರಾಜ್ಯಕ್ಕೆ ಹೋಯಿತು. ಅಲ್ಲಿ ಅದನ್ನು ಆಳದ ಬಾವಿಗಳಿಗೆ ಒತ್ತಡದಿಂದ ಇಳಿಸುತ್ತಾರೆ. ಯಂಗ್ಸ್‌ಟೌನ್ ಎಂಬ ಊರಿನಲ್ಲಿ ಹಾಗೆ ಇಳಿಸಿದ ಒಂದು ವರ್ಷದಲ್ಲೇ ನೆಲ ಮತ್ತೆ ಮತ್ತೆ ನಡುಗಿ, 2011ರ ಡಿಸೆಂಬರ್ 31ರಂದು ಸುಮಾರು 4ರ ತೀವ್ರತೆಯ ಭೂಕಂಪವಾಯಿತು. ಅದೇ ಊರಿನಲ್ಲಿ 2013ರಲ್ಲಿ ತ್ಯಾಜ್ಯ ಸಾಗಿಸುವ ಉದ್ಯಮಿಯೊಬ್ಬ ಕೂಲಿಯವನಿಗೆ ಹೇಳಿ ರಾತ್ರಿ ಹೊತ್ತು ಇಂಥ ನೀರನ್ನು ಮಳೆನೀರಿನ ಚರಂಡಿಗೆ ಬಿಡಿಸಿದ. ಅವನಿಗೆ 28 ತಿಂಗಳ ಸೆರೆಯಾಯಿತು. ಇನ್ನು ಪೆನ್ಸಿಲ್ವೇನಿಯದ ಹಳ್ಳಿಗಳಲ್ಲಿ ಹಳೆಯ ಮಾದರಿಯ ಬಾವಿಗಳ ಉಪ್ಪುನೀರನ್ನು ಧೂಳು ಏಳದಿರಲೆಂದು ಮಣ್ಣುರಸ್ತೆಗೆ ಚಿಮುಕಿಸುತ್ತಿದ್ದರು. ಹಳ್ಳಿಯ ಹೆಂಗಸೊಬ್ಬಳು ತನ್ನ ಆರೋಗ್ಯ ಕೆಟ್ಟಿತೆಂದು ನ್ಯಾಯಮಂಡಳಿಗೆ ಹೋದಳು. 2018ರಲ್ಲಿ ಇಲಾಖೆ ಅದಕ್ಕೆ ಅನುಮತಿ ಕೊಡುವುದನ್ನು ನಿಲ್ಲಿಸಿತು.

ಈ ನೀರನ್ನು ಪೂರ್ತಿ ಶುದ್ಧ ಮಾಡಲು ಸಾಧ್ಯವೇ ಇಲ್ಲವೆ? ಇದೆ. ಕುದಿಸಿ ಆವಿ ಹಿಡಿದರಾಯಿತು. ಪಶ್ಚಿಮ ವರ್ಜೀನಿಯದ ಡಾಡ್ರಿಜ್ ಕೌಂಟಿಯಲ್ಲಿ ಆಂಟೆರೊ ಎಂಬ ಅನಿಲ ಕಂಪನಿ, ಫ್ರಾನ್ಸಿನ ವಿಯೋಲಿಯ ಕಂಪನಿಯ ನೆರವಿನಿಂದ ಅಂಥ ದೊಡ್ಡ ಘಟಕವನ್ನು ಕಟ್ಟಿಸಿತು. 2015ರಲ್ಲಿ ಅದನ್ನು ಪ್ರಕಟಿಸಿದಾಗ ಹೇಳಿದ ವೆಚ್ಚ 27.5 ಕೋಟಿ ಡಾಲರ್. ದಿನಕ್ಕೆ 95 ಲಕ್ಷ ಲೀಟರ್ ಉಪ್ಪುನೀರನ್ನು ಸಿಹಿನೀರು ಮಾಡುವ ಯೋಜನೆ. ಉಳಿಯುವ ಉಪ್ಪನ್ನು ಹೂಳಲು ಪಕ್ಕದಲ್ಲೇ ಜಾಗ. ಅನಿಲದ ಬೆಲೆ ಕುಸಿದಿತ್ತು, ಖರ್ಚು ಏರಿತ್ತು. 2019ರ ಸೆಪ್ಟೆಂಬರಿನಲ್ಲಿ ಕಂಪನಿ ಅದನ್ನು ನಿಲ್ಲಿಸಿಬಿಟ್ಟಿತು. ಹಳೆಯ ನೀರನ್ನೇ ಮುಂದಿನ ಬಾವಿಗೆ ಹಾಕುವುದು ಅದಕ್ಕಿಂತ ಅಗ್ಗವಾಗಿತ್ತು.

ಈ ಘಟಕ ಇದ್ದ ರಾಜ್ಯವೇ ಕನಾವಾ ಉಪ್ಪಿನ ರಾಜ್ಯ. ಇನ್ನೂರು ವರ್ಷಗಳ ಹಿಂದೆ ಉಪ್ಪಿಗಾಗಿ ಗುಡ್ಡದ ಮರ ಕಡಿದು, ಮನುಷ್ಯರನ್ನು ಕೊಂಡು ತಂದು ಒಲೆಯ ಮುಂದೆ ನಿಲ್ಲಿಸಿದ್ದರು. ಅದೇ ರಾಜ್ಯದಲ್ಲಿ ಈಗ ಉಪ್ಪನ್ನು ಹೂಳಲು ಗುಂಡಿ ತೋಡಿದರು. ಇನ್ನೂ ವಿಚಿತ್ರವೆಂದರೆ, 2013ರಲ್ಲಿ ಮಾಲ್ಡನ್ ಊರಿನಲ್ಲಿ ಹಳೆಯ ಉಪ್ಪಿನ ಮನೆತನದ ಒಡಹುಟ್ಟಿದವರಿಬ್ಬರು ಪೂರ್ವಿಕರ ಜಾಗದಲ್ಲೇ ಬಾವಿ ತೋಡಿ, ಬಿಸಿಲಿನಲ್ಲಿ ಒಣಗಿಸಿ ಉಪ್ಪು ಮಾಡಿ ಮಾರಲು ತೊಡಗಿದ್ದಾರೆ. ದೊಡ್ಡ ಹೋಟೆಲುಗಳ ಅಡಿಗೆಯವರು ಅದನ್ನು ಹುಡುಕಿ ಕೊಳ್ಳುತ್ತಾರಂತೆ.

ಬೇಕು ಬೇಡ ಎಂಬುದು ವಸ್ತುವಿನ ಗುಣವಲ್ಲ, ಆಯಾ ಕಾಲದ ಪೇಟೆಯ ಮಾತು ಎಂದು ಇದರಿಂದ ನನಗೆ ಮನದಟ್ಟಾಯಿತು. ಉಪ್ಪು, ಎಣ್ಣೆ, ಅನಿಲ, ರೇಡಿಯಂ ಎಲ್ಲ ಒಂದೇ ನೆಲದಿಂದ ಜೊತೆಗೇ ಬರುತ್ತವೆ. ಒಂದು ಕಾಲ ಒಂದನ್ನು ಬೊಕ್ಕಸಕ್ಕೆ ಹಾಕಿ ಇನ್ನೊಂದನ್ನು ಹೊಳೆಗೆ ಹಾಕುತ್ತದೆ. ಈಗ ಪೇಟೆಯ ಮಾತು ಮತ್ತೆ ಬದಲಾಗುವ ಸೂಚನೆಯಿದೆ. ಪೆನ್ಸಿಲ್ವೇನಿಯದ ಮಾರ್ಸೆಲಸ್ ಬಾವಿಗಳ ನೀರಿನಲ್ಲಿರುವ ಲಿಥಿಯಮನ್ನು ಹೊರತೆಗೆದರೆ ಅಮೆರಿಕದ ಬೇಡಿಕೆಯ ಶೇಕಡ 38ರಿಂದ 40ರಷ್ಟನ್ನು ಪೂರೈಸಬಹುದೆಂದು 2024ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಲಿಥಿಯಂ ಎಂದರೆ ಮೊಬೈಲ್ ಫೋನು, ಬ್ಯಾಟರಿ ಕಾರುಗಳ ಜೀವಾಳ. ಅದಾದರೆ ಶುದ್ಧೀಕರಣದ ಖರ್ಚಿಗೆ ಒಂದು ದಾರಿಯಾದೀತು. ಬ್ರೋಮೈಡ್, ರೇಡಿಯಂಗಳನ್ನು ಆಗಲೂ ಯಾರಾದರೂ ನೋಡಿಕೊಳ್ಳಲೇಬೇಕು.

ಇದೆಲ್ಲ ಅಮೆರಿಕದ ಗೋಳು, ನಮಗೇಕೆ ಎನ್ನಬೇಡಿ. 2018ರ ಮಾರ್ಚಿ ಕೊನೆಯಲ್ಲಿ ಗೇಲ್ ಸಂಸ್ಥೆ ದೀರ್ಘಾವಧಿಯ ಒಪ್ಪಂದದಂತೆ ಅಮೆರಿಕದಿಂದ ಹಡಗಿನಲ್ಲಿ ತರಿಸಿದ ದ್ರವರೂಪದ ಅನಿಲದ ಮೊದಲ ಕಂತು ಮಹಾರಾಷ್ಟ್ರದ ದಾಭೋಳ್ ಬಂದರಿಗೆ ಬಂತು. ಗೇಲ್ ಒಪ್ಪಂದ ಮಾಡಿಕೊಂಡ ಅಮೆರಿಕದ ಎರಡು ಬಂದರುಗಳಲ್ಲಿ ಒಂದಾದ ಕೋವ್ ಪಾಯಿಂಟಿಗೆ ಅನಿಲ ಹರಿಯುವುದು ಮಾರ್ಸೆಲಸ್ ಸೀಮೆಯಿಂದ. ದಾಭೋಳಿನಿಂದ ಬೆಂಗಳೂರಿಗೆ 2013ರಿಂದ ಕೊಳವೆಯಿದೆ. ಕೊಳವೆಯಲ್ಲಿ ಎಲ್ಲ ಕಡೆಯ ಅನಿಲವೂ ಬೆರೆಯುತ್ತದೆ, ಅದಕ್ಕೆ ಊರಿನ ಹೆಸರಿರುವುದಿಲ್ಲ. ಬೆಂಗಳೂರಿನಲ್ಲೂ ಇತರ ಕೆಲವು ಊರುಗಳಲ್ಲೂ ಸಿಲಿಂಡರಿನ ಕಾಟ ತಪ್ಪಿತೆಂದು ನಲ್ಲಿ ತಿರುಗಿಸಿ ಒಲೆ ಹಚ್ಚುವ ನಮ್ಮ ಅಕ್ಕತಂಗಿಯರ ಆ ನೀಲಿ ಉರಿಯಲ್ಲಿ ಮಾರ್ಸೆಲಸ್ ಕಲ್ಲಿನ ಪಾಲೂ ಸೇರಿರಬಹುದು. ಹೊಗೆಯಿಲ್ಲದ ಆ ಉರಿ ಬೇಡವೆಂದು ನಾನು ಹೇಳಲಾರೆ. ಸೌದೆ ಒಲೆ ಊದಿ ಕಣ್ಣು ಕಳೆದುಕೊಂಡ ನಮ್ಮ ಅಮ್ಮಂದಿರನ್ನು ನೋಡಿದ ಯಾರೂ ಹೇಳಲಾರರು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ನಮ್ಮ ಹಿರಿಯರು ಗಾದೆ ಮಾಡಿದರು. ಮಾಡಿದವನೇ ಉಣ್ಣುತ್ತಾನೆ ಎಂಬ ನಂಬಿಕೆ ಅದರಲ್ಲಿದೆ. ಮೊನಾಂಗಹೀಲದ ಕಥೆಯಲ್ಲಿ ಉಪ್ಪು ತಿಂದವರು ಒಬ್ಬರು, ನೀರು ಕುಡಿದವರು ಕೆಳಗಿನ ಊರಿನ ಇನ್ನೊಬ್ಬರು. ಅನಿಲದ ಬೆಲೆಯಲ್ಲಿ ಬಾವಿ ಕೊರೆದ ಖರ್ಚಿತ್ತು, ಕೊಳವೆಯ ಖರ್ಚಿತ್ತು, ಕಂಪನಿಯ ಲಾಭವಿತ್ತು. ಆ ನೀರನ್ನು ಸರಿಮಾಡುವ ಪೂರ್ತಿ ಖರ್ಚು ಮಾತ್ರ ಇರಲಿಲ್ಲ. ಅದನ್ನು ಬಿಲ್ಲಿನಲ್ಲಿ ಸೇರಿಸಿದ್ದರೆ ಡಾಡ್ರಿಜ್‌ನ ಘಟಕ ಮುಚ್ಚಬೇಕಾಗುತ್ತಿರಲಿಲ್ಲವೇನೋ. ಬಿಲ್ಲು ಸ್ವಲ್ಪ ಹೆಚ್ಚಾಗುತ್ತಿತ್ತು, ಅದನ್ನು ನಾವೂ ಕಟ್ಟಬೇಕಾಗುತ್ತಿತ್ತು. ನಾಳೆ ನಮ್ಮ ನಾಡಿನಲ್ಲಿ ನೆಲದಿಂದ ಏನನ್ನಾದರೂ ಎತ್ತುತ್ತೇವೆಂದು ಯಾರಾದರೂ ಬಂದಾಗ, ಎಷ್ಟು ಸಿಗುತ್ತದೆ ಎಂಬ ಲೆಕ್ಕವನ್ನು ಅವರೇ ಹೇಳುತ್ತಾರೆ. ಅದರ ಜೊತೆ ಮೇಲೆ ಬರುವುದು ಏನು, ಅದು ಯಾವ ಹಳ್ಳಕ್ಕೆ ಹೋಗುತ್ತದೆ, ಆ ಹಳ್ಳದ ನೀರು ಯಾರ ಕೊಡಕ್ಕೆ ಬರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ನಾವು ಕೇಳಬೇಕು. ಕೊಡ ಹೊರುವವರಿಗೆ ಆ ಹಕ್ಕಿದೆ.